ಮಕ್ಕಳ ವಿದ್ಯುತ್ ಸವಾರಿ ಕಾರು

ಮಕ್ಕಳ ವಿದ್ಯುತ್ ಸವಾರಿ ಕಾರು ಎಂದರೆ ಚಿಕ್ಕ ಮಕ್ಕಳು ಒಳಗೆ ಕುಳಿತು ತಾವೇ ಓಡಿಸಬಹುದಾದ, ಬ್ಯಾಟರಿಯಿಂದ ಚಲಿಸುವ ಆಟಿಕೆ ವಾಹನ. ಇದು ನಿಜವಾದ ಕಾರಿನ ಕಿರುರೂಪವಾಗಿದ್ದು, ಸಾಮಾನ್ಯವಾಗಿ ಗಂಟೆಗೆ 3ರಿಂದ 8 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಬ್ಯಾಟರಿ, ನೇರ ವಿದ್ಯುತ್ ಮೋಟಾರು, ವೇಗ ತಗ್ಗಿಸುವ ಗೇರು, ಕಾಲಿನಿಂದ ಒತ್ತುವ ಸ್ವಿಚ್ಚು ಮತ್ತು ಸ್ಟೀರಿಂಗ್ ಇದರ ಮುಖ್ಯ ಭಾಗಗಳು. ಕಾರ್ಖಾನೆಗಳಲ್ಲಿ ತಯಾರಾಗುವ ಕಾರುಗಳ ಜೊತೆಗೆ, ಪ್ಲೈವುಡ್, ಉಕ್ಕಿನ ಕೊಳವೆ ಹಾಗೂ ಹಳೆಯ ವಾಹನಗಳ ಬಿಡಿಭಾಗಗಳನ್ನು ಬಳಸಿ ಮನೆಯಲ್ಲಿಯೇ ಇಂಥ ಕಾರನ್ನು ನಿರ್ಮಿಸುವ ಹವ್ಯಾಸವೂ ಅನೇಕ ದೇಶಗಳಲ್ಲಿದೆ. ಈ ಲೇಖನವು ಮುಖ್ಯವಾಗಿ 3ರಿಂದ 6 ವರ್ಷದ ಮಕ್ಕಳಿಗಾಗಿ ಮನೆಯಲ್ಲಿ ನಿರ್ಮಿಸುವ ಕಾರಿನ ರಚನೆ, ಕಾರ್ಯವಿಧಾನ ಮತ್ತು ಸುರಕ್ಷತೆಯನ್ನು ಕುರಿತದ್ದಾಗಿದೆ.

ಇತಿಹಾಸ

ಮಕ್ಕಳ ವಿದ್ಯುತ್ ಕಾರುಗಳ ಪೈಕಿ ಅತ್ಯಂತ ಪ್ರಸಿದ್ಧವಾದದ್ದು ಮನೆಯ ಮಗುವಿಗಾಗಿಯೇ ಹುಟ್ಟಿಕೊಂಡಿತೆಂಬುದು ಗಮನಾರ್ಹ. ಫ್ರಾನ್ಸಿನ ಮೋಲ್ಸೈಮ್‌ನಲ್ಲಿ ಕಾರು ಕಾರ್ಖಾನೆ ನಡೆಸುತ್ತಿದ್ದ ಎಟ್ಟೋರೆ ಬುಗಾಟ್ಟಿ 1926ರಲ್ಲಿ ತಮ್ಮ ಕಿರಿಯ ಮಗ ರೋಲಾಂಡನಿಗಾಗಿ, ತಮ್ಮದೇ 'ಟೈಪ್ 35' ಪಂದ್ಯದ ಕಾರಿನ ಅರ್ಧ ಗಾತ್ರದ ಪ್ರತಿಕೃತಿಯೊಂದನ್ನು ಸಿದ್ಧಪಡಿಸಿದರು. ಅದು 12 ವೋಲ್ಟ್ ಬ್ಯಾಟರಿಯಿಂದ ಚಲಿಸುತ್ತಿತ್ತು. ಒಂದೇ ಒಂದು ಕಾರು ಎಂಬ ಉದ್ದೇಶದಿಂದ ಮಾಡಿದ್ದರೂ, ಕಾರ್ಖಾನೆಗೆ ಬಂದ ಗ್ರಾಹಕರು ಅದನ್ನು ಮೆಚ್ಚಿ ಕೇಳತೊಡಗಿದುದರಿಂದ 'ಟೈಪ್ 52' ಅಥವಾ 'ಬುಗಾಟ್ಟಿ ಬೇಬಿ' ಎಂಬ ಹೆಸರಿನಲ್ಲಿ ಮಾರಾಟಕ್ಕೂ ಬಂದಿತು. 1936ರವರೆಗೆ ಇಂಥ ಸುಮಾರು 500 ಕಾರುಗಳು ತಯಾರಾದವು.

ಎರಡನೆಯ ಮಹಾಯುದ್ಧದ ಬಳಿಕ ಬ್ರಿಟನ್ನಿನ ಆಸ್ಟಿನ್ ಸಂಸ್ಥೆಯು ದಕ್ಷಿಣ ವೇಲ್ಸ್‌ನ ಬಾರ್ಗೋಡ್‌ನಲ್ಲಿ 'ಜೆ40' ಎಂಬ ಮಕ್ಕಳ ಕಾರನ್ನು 1949ರಿಂದ 1971ರವರೆಗೆ ತಯಾರಿಸಿತು. ಇದು ಪೆಡಲು ತುಳಿದು ಓಡಿಸುವ ಕಾರಾಗಿದ್ದು, ಮುಂದೀಪ ಮತ್ತು ಹಾರನ್ನುಗಳಿಗೆ ಮಾತ್ರ ಬ್ಯಾಟರಿ ಇತ್ತು. ಕಲ್ಲಿದ್ದಲ ಗಣಿಗಳಲ್ಲಿ ದುಡಿದು ಶ್ವಾಸಕೋಶದ ರೋಗಕ್ಕೆ ತುತ್ತಾದ ಕಾರ್ಮಿಕರಿಗೆ ಜೀವನೋಪಾಯ ಕಲ್ಪಿಸುವುದು ಆ ಕಾರ್ಖಾನೆಯ ಉದ್ದೇಶವಾಗಿತ್ತು. ಅಲ್ಲಿ 32 ಸಾವಿರಕ್ಕೂ ಹೆಚ್ಚು ಕಾರುಗಳು ತಯಾರಾದವು.

1980ರ ದಶಕದಲ್ಲಿ ಪ್ಲಾಸ್ಟಿಕ್ ದೇಹದ ಅಗ್ಗದ ವಿದ್ಯುತ್ ಕಾರುಗಳು ಅಮೆರಿಕದಲ್ಲಿ ಜನಪ್ರಿಯವಾದವು. ಅವುಗಳಲ್ಲಿ 'ಪವರ್ ವೀಲ್ಸ್' ಹೆಸರಿನವು ಪ್ರಮುಖ. ಈ ಉದ್ಯಮವನ್ನು 1994ರಲ್ಲಿ ಮ್ಯಾಟೆಲ್ ಸಂಸ್ಥೆ ಕೊಂಡುಕೊಂಡಿತು. 1998ರ ಅಕ್ಟೋಬರಿನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಪ್ರಕಟಣೆಯೊಂದಿಗೆ ಸುಮಾರು 1 ಕೋಟಿ ಪವರ್ ವೀಲ್ಸ್ ವಾಹನಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಲಾಯಿತು. ವಿದ್ಯುತ್ ಭಾಗಗಳು ಅತಿಯಾಗಿ ಕಾದು ಸುಮಾರು 150 ಬೆಂಕಿ ಪ್ರಕರಣಗಳು ವರದಿಯಾಗಿದ್ದವು. ಕೆಲವು ಮಕ್ಕಳಿಗೆ ಸಣ್ಣಪುಟ್ಟ ಸುಟ್ಟಗಾಯಗಳಾಗಿದ್ದವು. ಪೆಡಲಿನಿಂದ ಕಾಲು ತೆಗೆದರೂ ವಾಹನ ನಿಲ್ಲದೆ ಹೋದ ದೂರುಗಳೂ ಇದ್ದವು. ಈ ದೋಷಗಳನ್ನು ಸಕಾಲದಲ್ಲಿ ವರದಿ ಮಾಡಲಿಲ್ಲವೆಂಬ ಆರೋಪದ ಸಂಬಂಧ 2001ರಲ್ಲಿ ತಯಾರಕರು 11 ಲಕ್ಷ ಡಾಲರ್ ದಂಡ ತೆತ್ತರು. ಕೇವಲ 12 ವೋಲ್ಟಿನ ಆಟಿಕೆಯೂ ಬೆಂಕಿಗೆ ಕಾರಣವಾಗಬಲ್ಲದು ಎಂಬುದನ್ನು ಈ ಘಟನೆ ತೋರಿಸಿಕೊಟ್ಟಿತು.

ಕಾರ್ಯತತ್ತ್ವ

ಬ್ಯಾಟರಿಯಲ್ಲಿ ಸಂಗ್ರಹವಾಗಿರುವ ರಾಸಾಯನಿಕ ಶಕ್ತಿಯು ವಿದ್ಯುತ್ತಾಗಿ ಹರಿದು ಮೋಟಾರಿನಲ್ಲಿ ಯಾಂತ್ರಿಕ ಶಕ್ತಿಯಾಗುತ್ತದೆ. ಸಣ್ಣ ಮೋಟಾರುಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಆದರೆ ಅವುಗಳ ತಿರುಚುಬಲ ಬಹಳ ಕಡಿಮೆ. ಆದ್ದರಿಂದ ಗೇರುಗಳ ಮೂಲಕ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸಿಕೊಳ್ಳಲಾಗುತ್ತದೆ.

ಚಕ್ರದ ಗಾತ್ರ ಮತ್ತು ಸುತ್ತುಗಳಿಂದ ಕಾರಿನ ವೇಗವನ್ನು ಸುಲಭವಾಗಿ ಲೆಕ್ಕ ಹಾಕಬಹುದು. 25 ಸೆಂಟಿಮೀಟರ್ ವ್ಯಾಸದ ಚಕ್ರದ ಸುತ್ತಳತೆ ಸುಮಾರು 78.5 ಸೆಂಟಿಮೀಟರ್. ಅದು ನಿಮಿಷಕ್ಕೆ 65 ಸುತ್ತು ತಿರುಗಿದರೆ ಕಾರು ನಿಮಿಷಕ್ಕೆ ಸುಮಾರು 51 ಮೀಟರ್, ಅಂದರೆ ಗಂಟೆಗೆ ಸುಮಾರು 3 ಕಿಲೋಮೀಟರ್ ಸಾಗುತ್ತದೆ. ಇದು ದೊಡ್ಡವರ ನಿಧಾನ ನಡಿಗೆಯ ವೇಗ. ಜೊತೆಯಲ್ಲಿ ನಡೆದು ಬರುವವರು ಯಾವ ಕ್ಷಣದಲ್ಲಾದರೂ ಕೈಹಾಕಿ ಹಿಡಿಯಬಹುದಾದ ಈ ವೇಗವೇ ಮೊದಲ ಕಾರಿಗೆ ಸೂಕ್ತವಾದದ್ದು.

ಬೇಕಾಗುವ ಸಾಮರ್ಥ್ಯವನ್ನೂ ಹೀಗೆಯೇ ಅಂದಾಜಿಸಬಹುದು. 18 ಕಿಲೋಗ್ರಾಂ ತೂಕದ ಮಗು ಮತ್ತು 22 ಕಿಲೋಗ್ರಾಂ ತೂಕದ ಕಾರು ಸೇರಿ ಒಟ್ಟು 40 ಕಿಲೋಗ್ರಾಂ ಎಂದುಕೊಂಡರೆ, ಸಿಮೆಂಟಿನ ಸಮತಟ್ಟಾದ ಅಂಗಳದಲ್ಲಿ ಚಕ್ರಗಳ ಉರುಳು ಪ್ರತಿರೋಧವನ್ನು ಮೀರಲು ಸುಮಾರು 12 ನ್ಯೂಟನ್ ಬಲ ಸಾಕು. 20 ಅಡಿಗೆ 1 ಅಡಿ ಏರುವ ಇಳಿಜಾರಿನಲ್ಲಿ ಇದಕ್ಕೆ ಇನ್ನೂ ಸುಮಾರು 20 ನ್ಯೂಟನ್ ಸೇರುತ್ತದೆ. ಗಂಟೆಗೆ 3 ಕಿಲೋಮೀಟರ್ ವೇಗಕ್ಕೆ ಇದು ಕ್ರಮವಾಗಿ 10 ಮತ್ತು 27 ವ್ಯಾಟ್ ಆಗುತ್ತದೆ. ಮೋಟಾರು ಮತ್ತು ಗೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ನಷ್ಟವಾಗುವುದರಿಂದ, ದಕ್ಷತೆಯನ್ನು ಶೇಕಡಾ 40 ಎಂದು ಹಿಡಿದರೆ, 12 ವೋಲ್ಟ್ ಬ್ಯಾಟರಿಯಿಂದ ಸಮತಟ್ಟಿನಲ್ಲಿ ಸುಮಾರು 2 ಆಂಪಿಯರ್, ಏರಿನಲ್ಲಿ 5ರಿಂದ 6 ಆಂಪಿಯರ್ ವಿದ್ಯುತ್ ಹರಿಯಬೇಕಾಗುತ್ತದೆ.

ಕಾರು ಗೋಡೆಗೆ ತಾಗಿ ನಿಂತು ಮಗು ಪೆಡಲನ್ನು ಒತ್ತಿಕೊಂಡೇ ಇದ್ದರೆ ಮೋಟಾರು ತಿರುಗಲಾರದೆ ಇದರ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ತಂತಿಗಳು ಕಾಯುವುದು, ನಿರೋಧಕ ಹೊದಿಕೆ ಕರಗುವುದು ಇಂಥ ಸಂದರ್ಭದಲ್ಲಿಯೇ. ಇದನ್ನು ತಡೆಯಲೆಂದೇ ಫ್ಯೂಸ್ ಇರುತ್ತದೆ.

ನಿರ್ಮಾಣ

ಚೌಕಟ್ಟು

ಸುಮಾರು 100 ಸೆಂಟಿಮೀಟರ್ ಉದ್ದ, 55 ಸೆಂಟಿಮೀಟರ್ ಅಗಲದ 12 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆಯನ್ನು ತಳವಾಗಿ ಬಳಸಿ, ಅದರ ಅಡಿಯಲ್ಲಿ ಮರದ ರೀಪು ಅಥವಾ ಉಕ್ಕಿನ ಚೌಕ ಕೊಳವೆಗಳನ್ನು ಬೋಲ್ಟುಗಳಿಂದ ಬಿಗಿಯಲಾಗುತ್ತದೆ. ಬರಿಯ ಮೊಳೆಗಳು ಅದುರುವಿಕೆಗೆ ಸಡಿಲವಾಗುವುದರಿಂದ ಭಾರ ಹೊರುವ ಜಾಗಗಳಲ್ಲಿ ನಟ್ಟು, ಬೋಲ್ಟು ಮತ್ತು ವಾಷರುಗಳನ್ನೇ ಬಳಸಬೇಕು. ಆಸನವು ನೆಲದಿಂದ 20ರಿಂದ 25 ಸೆಂಟಿಮೀಟರ್ ಎತ್ತರದಲ್ಲಿದ್ದು, ಬ್ಯಾಟರಿಯು ಅದಕ್ಕಿಂತ ಕೆಳಗಿದ್ದರೆ ಗುರುತ್ವಕೇಂದ್ರ ತಗ್ಗಿನಲ್ಲಿದ್ದು ಕಾರು ಮಗುಚುವ ಸಂಭವ ಕಡಿಮೆಯಾಗುತ್ತದೆ. ಹಲಗೆಯ ಅಂಚುಗಳನ್ನು ದುಂಡಗೆ ಮಾಡಿ ಉಪ್ಪುಕಾಗದದಿಂದ ಉಜ್ಜಿ ನಯಗೊಳಿಸಲಾಗುತ್ತದೆ.

ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವುದರಿಂದ ಬಣ್ಣದ ಆಯ್ಕೆಯೂ ಮುಖ್ಯ. ಭಾರತದಲ್ಲಿ 2016ರ ನಿಯಮಗಳ ಪ್ರಕಾರ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವು ಹತ್ತು ಲಕ್ಷದಲ್ಲಿ 90 ಭಾಗಗಳನ್ನು ಮೀರುವಂತಿಲ್ಲ. ಮನೆಯಲ್ಲಿ ಉಳಿದಿರುವ ಹಳೆಯ ಡಬ್ಬಿಗಳ ಬಣ್ಣವನ್ನು ಬಳಸದಿರುವುದು ಒಳಿತು.

ಚಕ್ರ ಮತ್ತು ಸ್ಟೀರಿಂಗ್

ಬೇರಿಂಗ್ ಇರುವ 20ರಿಂದ 25 ಸೆಂಟಿಮೀಟರ್ ವ್ಯಾಸದ ರಬ್ಬರ್ ಚಕ್ರಗಳು ಸೂಕ್ತ. ಮುಂದಿನ ಅಚ್ಚನ್ನು ನಡುವೆ ಒಂದೇ ಬೋಲ್ಟಿನಿಂದ ಕೂರಿಸಿ ಇಡೀ ಅಚ್ಚೇ ತಿರುಗುವಂತೆ ಮಾಡುವುದು ಸುಲಭವಾದರೂ, ತೀವ್ರ ತಿರುವಿನಲ್ಲಿ ಅಂಥ ಕಾರು ಪಕ್ಕಕ್ಕೆ ಮಗುಚುತ್ತದೆ. ಆದ್ದರಿಂದ ಎರಡೂ ಮುಂಚಕ್ರಗಳು ತಮ್ಮ ತಮ್ಮ ಸ್ಥಾನದಲ್ಲಿಯೇ ಪ್ರತ್ಯೇಕವಾಗಿ ಹೊರಳುವ, ಅಡ್ಡಕಡ್ಡಿಯೊಂದರಿಂದ ಜೋಡಿಸಿದ ರಚನೆ ಮೇಲು. ತಿರುವಿನಲ್ಲಿ ಒಳಗಿನ ಚಕ್ರವು ಹೊರಗಿನದಕ್ಕಿಂತ ಹೆಚ್ಚು ಹೊರಳಬೇಕೆಂಬ ಈ ತತ್ತ್ವಕ್ಕೆ, 1818ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದ ರುಡಾಲ್ಫ್ ಆಕರ್ಮನ್ ಅವರ ಹೆಸರಿದೆ. ಚಕ್ರಗಳ ತೋಳುಗಳನ್ನು ಹಿಂದಿನ ಅಚ್ಚಿನ ಮಧ್ಯಬಿಂದುವಿನತ್ತ ಓರೆಯಾಗಿಸಿದರೆ ಈ ಗುಣ ತಾನಾಗಿ ಒದಗುತ್ತದೆ. ಸ್ಟೀರಿಂಗ್ ಒಂದು ಮಿತಿಗಿಂತ ಹೆಚ್ಚು ತಿರುಗದಂತೆ ಎರಡೂ ಕಡೆ ತಡೆಗಳನ್ನು ಇಡಬೇಕು.

ಮೋಟಾರು

ಮನೆಯಲ್ಲಿ ನಿರ್ಮಿಸುವವರು ಸಾಮಾನ್ಯವಾಗಿ ಎರಡು ಬಗೆಯ ಮೋಟಾರುಗಳನ್ನು ಬಳಸುತ್ತಾರೆ.

• ಕಾರು ಅಥವಾ ಬಸ್ಸಿನ ಗಾಜು ಒರೆಸುವ ವೈಪರ್ ಮೋಟಾರು. ಇದರೊಳಗೆ ತಿರುಪುಗೇರು ಇರುವುದರಿಂದ ಹೊರಗಿನ ದಂಡವು ನಿಮಿಷಕ್ಕೆ ಸುಮಾರು 40ರಿಂದ 70 ಸುತ್ತು ಮಾತ್ರ ತಿರುಗುತ್ತದೆ. ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಇದು ಸುಲಭವಾಗಿ ದೊರೆಯುತ್ತದೆ. ತಿರುಪುಗೇರನ್ನು ಚಕ್ರದ ಕಡೆಯಿಂದ ತಿರುಗಿಸುವುದು ಕಷ್ಟವಾದ್ದರಿಂದ ವಿದ್ಯುತ್ ನಿಂತೊಡನೆ ಕಾರೂ ನಿಲ್ಲುತ್ತದೆ.
• ಕಾರ್ಖಾನೆಯ ಆಟಿಕೆ ಕಾರುಗಳಲ್ಲಿರುವ, ಪ್ಲಾಸ್ಟಿಕ್ ಗೇರುಪೆಟ್ಟಿಗೆ ಸಹಿತವಾದ ಸಣ್ಣ ಮೋಟಾರು. ಇದು ಹಗುರ, ಬಿಡಿಭಾಗವಾಗಿಯೂ ಮಾರಾಟಕ್ಕಿದೆ. ಆದರೆ ಹೆಚ್ಚು ಭಾರಕ್ಕೆ ಇದರ ಹಲ್ಲುಗಳು ಮುರಿಯುತ್ತವೆ.

ವೈಪರ್ ಮೋಟಾರಿನ ದಂಡವು ಕಾರಿನ ಭಾರವನ್ನು ಹೊರಲು ತಯಾರಾದದ್ದಲ್ಲ. ಚಕ್ರವನ್ನು ನೇರವಾಗಿ ಅದಕ್ಕೆ ಸಿಕ್ಕಿಸದೆ, ಅಚ್ಚನ್ನು ಬೇರಿಂಗುಗಳ ಮೇಲೆ ಕೂರಿಸಿ, ಮೋಟಾರಿನಿಂದ ಅಚ್ಚಿಗೆ ಸೈಕಲ್ ಚೈನಿನ ಮೂಲಕ ಬಲವನ್ನು ಒಯ್ಯಬೇಕು. ತಿರುವಿನಲ್ಲಿ ಎರಡು ಹಿಂಚಕ್ರಗಳ ಸುತ್ತುಗಳು ಭಿನ್ನವಾಗಿರುವುದರಿಂದ ಒಂದು ಚಕ್ರವನ್ನು ಮಾತ್ರ ಅಚ್ಚಿಗೆ ಬಿಗಿದು ಇನ್ನೊಂದನ್ನು ಸ್ವತಂತ್ರವಾಗಿ ತಿರುಗಲು ಬಿಡಲಾಗುತ್ತದೆ.

ಅನೇಕ ವೈಪರ್ ಮೋಟಾರುಗಳಲ್ಲಿ ಋಣ ತುದಿಯು ಮೋಟಾರಿನ ಲೋಹದ ಕವಚಕ್ಕೇ ಸೇರಿರುತ್ತದೆ. ಅಂಥ ಮೋಟಾರನ್ನು ಉಕ್ಕಿನ ಚೌಕಟ್ಟಿಗೆ ನೇರವಾಗಿ ಬಿಗಿದರೆ ಚೌಕಟ್ಟೆಲ್ಲವೂ ವಿದ್ಯುನ್ಮಂಡಲದ ಭಾಗವಾಗುತ್ತದೆ; ಹಿಂದಕ್ಕೆ ಚಲಿಸಲು ಧ್ರುವಗಳನ್ನು ಬದಲಿಸಿದಾಗ ಹ್ರಸ್ವಮಂಡಲ ಉಂಟಾಗಬಹುದು. ಆದ್ದರಿಂದ ಮೋಟಾರನ್ನು ಮರದ ತುಂಡು ಮತ್ತು ರಬ್ಬರ್ ಬಿಲ್ಲೆಗಳ ಮೇಲೆ ಕೂರಿಸಿ ಚೌಕಟ್ಟಿನಿಂದ ಬೇರ್ಪಡಿಸಬೇಕು. ಚೈನು ಕೂಡ ಲೋಹದ್ದೇ ಆದುದರಿಂದ, ಅಚ್ಚಿನ ಬೇರಿಂಗುಗಳನ್ನೂ ಮರದ ಮೇಲೆಯೇ ಕೂರಿಸಬೇಕಾಗುತ್ತದೆ. ಬ್ಯಾಟರಿಯ ಯಾವ ತುದಿಯನ್ನೂ ಚೌಕಟ್ಟಿಗೆ ಸೇರಿಸಬಾರದು.

ಎರಡು ಮೋಟಾರುಗಳಿರುವ ಕಾರುಗಳಲ್ಲಿ ಅವುಗಳನ್ನು ಸರಣಿ ಕ್ರಮದಲ್ಲಿ ಜೋಡಿಸಿದಾಗ ಪ್ರತಿಯೊಂದಕ್ಕೂ ಅರ್ಧ ವೋಲ್ಟೇಜು ದೊರೆತು ಕಾರು ನಿಧಾನವಾಗಿಯೂ, ಸಮಾಂತರ ಕ್ರಮದಲ್ಲಿ ಜೋಡಿಸಿದಾಗ ವೇಗವಾಗಿಯೂ ಸಾಗುತ್ತದೆ. ಕಾರ್ಖಾನೆಯ ಅನೇಕ ಕಾರುಗಳಲ್ಲಿರುವ 'ಎರಡು ವೇಗ'ಗಳ ಗುಟ್ಟು ಇದೇ. ಪ್ರೌಢಶಾಲೆಯ ವಿಜ್ಞಾನ ಪಠ್ಯದಲ್ಲಿ ಬರುವ ಸರಣಿ ಹಾಗೂ ಸಮಾಂತರ ಜೋಡಣೆಗಳಿಗೆ ಇದೊಂದು ಉತ್ತಮ ಪ್ರತ್ಯಕ್ಷ ಉದಾಹರಣೆ.

ಬ್ಯಾಟರಿ

ತುರ್ತುದೀಪ ಮತ್ತು ಕಂಪ್ಯೂಟರಿನ ಯುಪಿಎಸ್‌ಗಳಲ್ಲಿ ಬಳಸುವ, ಮುಚ್ಚಿದ ಬಗೆಯ 12 ವೋಲ್ಟ್, 7 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯು ಇಂಥ ಕಾರಿಗೆ ಸಾಕಾಗುತ್ತದೆ. ಅದರ ತೂಕ ಎರಡರಿಂದ ಎರಡೂವರೆ ಕಿಲೋಗ್ರಾಂ. ಅದರ ಸಾಮರ್ಥ್ಯದ ಅರ್ಧದಷ್ಟನ್ನು ಮಾತ್ರ ಬಳಸಿದರೂ ಸಮತಟ್ಟಾದ ನೆಲದಲ್ಲಿ ಸುಮಾರು ಒಂದೂವರೆ ಗಂಟೆ ಕಾರು ಓಡುತ್ತದೆ. ಈ ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿ ಹಾಗೆಯೇ ಇಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂತು ಅದು ಬೇಗನೆ ಕೆಡುತ್ತದೆ. ಆದ್ದರಿಂದ ಬಳಸಿದ ದಿನವೇ ಚಾರ್ಜು ಮಾಡುವುದು, ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜು ಮಾಡುವುದು ಅಗತ್ಯ.

ಲಿಥಿಯಂ ಬ್ಯಾಟರಿಗಳು ಹಗುರವಾದರೂ, ಜಜ್ಜಿಹೋದಾಗ ಅಥವಾ ಅತಿಯಾಗಿ ಚಾರ್ಜಾದಾಗ ಉರಿಯುವ ಅಪಾಯವಿದೆ. ರಕ್ಷಣಾ ಮಂಡಲವಿಲ್ಲದ ಬಿಡಿ ಕೋಶಗಳನ್ನು ಬೆಸೆದು ಮಾಡಿದ ಬ್ಯಾಟರಿಯು ಮಕ್ಕಳ ಕಾರಿಗೆ ಸಲ್ಲದು. ಉಪಯೋಗ ಮುಗಿದ ಬ್ಯಾಟರಿಗಳನ್ನು ಕಸದ ತೊಟ್ಟಿಗೆ ಎಸೆಯದೆ ಮಾರಾಟಗಾರರಿಗೆ ಅಥವಾ ಸಂಗ್ರಹ ಕೇಂದ್ರಕ್ಕೆ ಹಿಂತಿರುಗಿಸಬೇಕು. ಭಾರತದಲ್ಲಿ ಇದಕ್ಕೆ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅನ್ವಯಿಸುತ್ತವೆ.

ವಿದ್ಯುತ್ ಜೋಡಣೆ

ಜೋಡಣೆಯ ಕ್ರಮ ಹೀಗಿರುತ್ತದೆ: ಬ್ಯಾಟರಿಯ ಧನ ತುದಿ, ಫ್ಯೂಸ್, ಮುಖ್ಯ ಸ್ವಿಚ್ಚು, ಪೆಡಲ್ ಸ್ವಿಚ್ಚು, ಮುಂದೆ-ಹಿಂದೆ ಸ್ವಿಚ್ಚು, ಮೋಟಾರು, ಮರಳಿ ಬ್ಯಾಟರಿಯ ಋಣ ತುದಿ.

• ಫ್ಯೂಸ್: ದ್ವಿಚಕ್ರ ವಾಹನಗಳಲ್ಲಿ ಬಳಸುವ 10 ಆಂಪಿಯರಿನ ಚಪ್ಪಟೆ ಫ್ಯೂಸ್ ಸಾಕು. ಅದು ಬ್ಯಾಟರಿಯ ಧನ ತುದಿಗೆ ಆದಷ್ಟು ಹತ್ತಿರವಿರಬೇಕು. ಫ್ಯೂಸಿಗಿಂತ ಮೊದಲಿನ ತಂತಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಫ್ಯೂಸ್ ಹೋದಾಗ ಅದರ ಬದಲು ತಂತಿಯ ಎಳೆಯನ್ನು ಸುತ್ತುವುದು ಅಪಾಯಕಾರಿ.
• ತಂತಿ: 1.5 ಚದರ ಮಿಲಿಮೀಟರ್ ಅಡ್ಡಕೊಯ್ತದ, ಬಹು ಎಳೆಗಳ ತಾಮ್ರದ ತಂತಿಯನ್ನು ಬಳಸಬೇಕು. ಜೋಡಣೆಗಳನ್ನು ಕೈಯಿಂದ ಹೊಸೆದು ಬಿಡದೆ ಬೆಸುಗೆ ಹಾಕಿ ಅಥವಾ ತುದಿಗಳನ್ನು ಒತ್ತಿ ಕೂರಿಸಿ ಹೊದಿಕೆ ಹಾಕಬೇಕು.
• ಮುಖ್ಯ ಸ್ವಿಚ್ಚು: ಕಾರಿನ ಹಿಂಭಾಗದಲ್ಲಿ, ಹಿಂದೆ ನಡೆದು ಬರುವ ದೊಡ್ಡವರ ಕೈಗೆ ಸಿಗುವಂತಿರಬೇಕು.
• ಪೆಡಲ್ ಸ್ವಿಚ್ಚು: ಕಾಲು ತೆಗೆದೊಡನೆ ಸ್ಪ್ರಿಂಗಿನಿಂದ ತಾನಾಗಿ ಮೇಲೇಳುವ ಬಗೆಯದಾಗಿರಬೇಕು.
• ಮುಂದೆ-ಹಿಂದೆ ಸ್ವಿಚ್ಚು: ಆರು ತುದಿಗಳ ಎರಡು ಕಡೆಯ ಸ್ವಿಚ್ಚಿನಲ್ಲಿ ತಂತಿಗಳನ್ನು ಅಡ್ಡಹಾಯಿಸಿ ಜೋಡಿಸಿದರೆ ಮೋಟಾರಿಗೆ ಹೋಗುವ ಧ್ರುವಗಳು ಅದಲುಬದಲಾಗುತ್ತವೆ.

ತಿರುಪುಗೇರು ಇಲ್ಲದ ಮೋಟಾರುಗಳಿಗೆ ಮೂರು ತುದಿಗಳ ಪೆಡಲ್ ಸ್ವಿಚ್ಚನ್ನು ಬಳಸಿ ವಿದ್ಯುತ್ ಬ್ರೇಕನ್ನೂ ಪಡೆಯಬಹುದು. ನಡುವಿನ ತುದಿಯನ್ನು ಮೋಟಾರಿನ ಕಡೆಗೂ, ಒತ್ತಿದಾಗ ಕೂಡುವ ತುದಿಯನ್ನು ಬ್ಯಾಟರಿಯ ಧನ ಕಡೆಗೂ, ಬಿಟ್ಟಾಗ ಕೂಡುವ ತುದಿಯನ್ನು ಋಣ ಕಡೆಗೂ ಸೇರಿಸಲಾಗುತ್ತದೆ. ಕಾಲು ತೆಗೆದಾಗ ಮೋಟಾರಿನ ಎರಡೂ ತುದಿಗಳು ಪರಸ್ಪರ ಕೂಡಿಕೊಂಡು, ಇನ್ನೂ ತಿರುಗುತ್ತಿರುವ ಮೋಟಾರು ಜನರೇಟರಿನಂತೆ ವರ್ತಿಸಿ ತನ್ನ ಚಲನೆಯನ್ನು ತಾನೇ ತಡೆಯುತ್ತದೆ.

ಮನೆಯ ದೀಪಕ್ಕೆ ಬಳಸುವ ಸ್ವಿಚ್ಚುಗಳು ಪರ್ಯಾಯ ವಿದ್ಯುತ್ತಿಗಾಗಿ ತಯಾರಾದವು. ಪರ್ಯಾಯ ವಿದ್ಯುತ್ತು ಸೆಕೆಂಡಿಗೆ ಹಲವಾರು ಬಾರಿ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ಚಿನೊಳಗಿನ ಕಿಡಿ ತಾನಾಗಿ ಆರುತ್ತದೆ. ನೇರ ವಿದ್ಯುತ್ತಿನಲ್ಲಿ ಹಾಗಾಗುವುದಿಲ್ಲ. ಮೋಟಾರಿನ ಕಿಡಿಗೆ ಸಂಪರ್ಕಬಿಂದುಗಳು ಕ್ರಮೇಣ ಕರಗಿ ಒಂದಕ್ಕೊಂದು ಅಂಟಿಕೊಂಡರೆ, ಮಗು ಕಾಲು ತೆಗೆದರೂ ಕಾರು ನಿಲ್ಲುವುದಿಲ್ಲ. ಆದ್ದರಿಂದ ನೇರ ವಿದ್ಯುತ್ತಿಗೆಂದು ಗುರುತಿಸಿದ, 15 ಆಂಪಿಯರಿಗೆ ಕಡಿಮೆಯಿಲ್ಲದ ಸ್ವಿಚ್ಚುಗಳನ್ನೇ ಆರಿಸಬೇಕು. ಪೆಡಲ್ ಸ್ವಿಚ್ಚು ಕೈಕೊಟ್ಟರೂ ಕಾರನ್ನು ನಿಲ್ಲಿಸಲು ಹಿಂಭಾಗದ ಮುಖ್ಯ ಸ್ವಿಚ್ಚು ಅನಿವಾರ್ಯ.

ಸುರಕ್ಷತೆ

ಭಾರತ ಸರ್ಕಾರದ 2020ರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ, 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ವಿದ್ಯುತ್ ಆಟಿಕೆಗಳಿಗೆ 'ಐಎಸ್ 15644' ಮಾನಕವು ಅನ್ವಯಿಸುತ್ತದೆ. ಆದರೆ ತಂದೆಯೋ ತಾತನೋ ಮನೆಯಲ್ಲಿ ಮಾಡಿಕೊಟ್ಟ ಕಾರನ್ನು ಯಾವ ಪ್ರಯೋಗಾಲಯವೂ ಪರೀಕ್ಷಿಸುವುದಿಲ್ಲ. ಕಾರ್ಖಾನೆಯಲ್ಲಿ ಪರೀಕ್ಷಕರು ಮಾಡುವ ಕೆಲಸವನ್ನು ಇಲ್ಲಿ ನಿರ್ಮಿಸಿದವರೇ ಮಾಡಬೇಕಾಗುತ್ತದೆ.

ಮಗುವನ್ನು ಕೂರಿಸುವ ಮೊದಲು ಮಗುವಿನಷ್ಟೇ ತೂಕದ ಮರಳಿನ ಚೀಲವನ್ನು ಆಸನಕ್ಕೆ ಕಟ್ಟಿ ಈ ಪರೀಕ್ಷೆಗಳನ್ನು ನಡೆಸಬಹುದು:

• ಮಗುಚುವಿಕೆ: ಆಟಿಕೆ ಮಾನಕಗಳಲ್ಲಿ ಸವಾರಿ ಆಟಿಕೆಗಳನ್ನು 10 ಡಿಗ್ರಿ ಇಳಿಜಾರಿನಲ್ಲಿ ಇಟ್ಟು ನೋಡುವ ಪದ್ಧತಿಯಿದೆ. ಪ್ರತಿ ಮೀಟರಿಗೆ 18 ಸೆಂಟಿಮೀಟರ್ ಏರುವಂತೆ ಗಟ್ಟಿ ಹಲಗೆಯೊಂದನ್ನು ಓರೆಯಾಗಿ ಇಟ್ಟರೆ ಈ ಇಳಿಜಾರು ದೊರೆಯುತ್ತದೆ. ಕಾರನ್ನು ಅಡ್ಡಲಾಗಿ ನಿಲ್ಲಿಸಿದಾಗ ಅದು ಮಗುಚಬಾರದು.
• ಕಾವು: ಹದಿನೈದು ನಿಮಿಷ ಓಡಿಸಿದ ಬಳಿಕ ತಂತಿ, ಸ್ವಿಚ್ಚು, ಫ್ಯೂಸ್ ಹಿಡಿ, ಮೋಟಾರುಗಳನ್ನು ಜಾಗರೂಕತೆಯಿಂದ ಮುಟ್ಟಿ ನೋಡಬೇಕು. ಕೈಯಿಡಲಾಗದಷ್ಟು ಬಿಸಿಯಿದ್ದರೆ ಜೋಡಣೆಯಲ್ಲಿ ದೋಷವಿದೆ.
• ನಿಲುಗಡೆ: ಪೆಡಲು ಬಿಟ್ಟಾಗಲೂ, ಮುಖ್ಯ ಸ್ವಿಚ್ಚನ್ನು ಆರಿಸಿದಾಗಲೂ ಕಾರು ಒಡನೆಯೇ ನಿಲ್ಲಬೇಕು.
• ಬೆರಳು ಸಿಕ್ಕುವ ಸಂದುಗಳು: ಚಲಿಸುವ ಭಾಗಗಳ ನಡುವಿನ ಸಂದುಗಳು 5 ಮಿಲಿಮೀಟರಿಗಿಂತ ಕಿರಿದಾಗಿರಬೇಕು ಇಲ್ಲವೇ 12 ಮಿಲಿಮೀಟರಿಗಿಂತ ಅಗಲವಾಗಿರಬೇಕು, ನಡುವಣ ಅಳತೆಯ ಸಂದಿನಲ್ಲಿ ಎಳೆಯ ಬೆರಳು ಒಳಹೋಗಿ ಸಿಲುಕುತ್ತದೆ.

ಚೈನು ಮತ್ತು ಹಲ್ಲುಚಕ್ರಗಳನ್ನು ಎಲ್ಲ ಕಡೆಯಿಂದಲೂ ಮುಚ್ಚಿರಬೇಕು. ಉದ್ದಲಂಗ, ಶಾಲು, ಬಿಚ್ಚಿದ ಜಡೆ ಹಿಂಚಕ್ರಕ್ಕೆ ಸಿಲುಕುವ ಅಪಾಯವಿರುವುದರಿಂದ ಆಸನದ ಹಿಂಬದಿ ಮತ್ತು ಪಕ್ಕಗಳಲ್ಲಿ ಹಲಗೆ ಇರಬೇಕು. ಬ್ಯಾಟರಿ ಪೆಟ್ಟಿಗೆಯು ಉಪಕರಣವಿಲ್ಲದೆ ತೆರೆಯಲಾಗದಂತಿರಬೇಕು. ಚಾರ್ಜು ಮಾಡುವಾಗ ಬ್ಯಾಟರಿಯನ್ನು ಕಾರಿನಿಂದ ಹೊರತೆಗೆದು, ಗಾಳಿಯಾಡುವ ಜಾಗದಲ್ಲಿ, ದೊಡ್ಡವರ ಕಣ್ಣೆದುರಿನಲ್ಲಿಯೇ ಚಾರ್ಜು ಮಾಡುವುದು ಸೂಕ್ತ.

ಕಾರನ್ನು ಓಡಿಸುವ ಸ್ಥಳವೂ ಅಷ್ಟೇ ಮುಖ್ಯ. ಸಾರ್ವಜನಿಕ ರಸ್ತೆ, ಮಹಡಿಯ ಮೆಟ್ಟಿಲ ಬಳಿ, ತಡೆಗೋಡೆಯಿಲ್ಲದ ತಾರಸಿ, ಮುಚ್ಚಳವಿಲ್ಲದ ನೀರಿನ ಸಂಪು ಅಥವಾ ಬಾವಿಯ ಸಮೀಪ, ವಾಹನಗಳು ಹಿಂದಕ್ಕೆ ಚಲಿಸುವ ನಿಲ್ದಾಣ ಇವು ಸಲ್ಲದ ಸ್ಥಳಗಳು. ತಗ್ಗಿನಲ್ಲಿ ಓಡುವ ಈ ಕಾರು ದೊಡ್ಡ ವಾಹನದ ಚಾಲಕನ ಕಣ್ಣಿಗೆ ಬೀಳುವುದೇ ಇಲ್ಲ. ಎತ್ತರದ ಕೋಲಿಗೆ ಕಟ್ಟಿದ ಬಾವುಟವೊಂದು ಕಾರನ್ನು ಗುರುತಿಸಲು ನೆರವಾಗುತ್ತದೆ. ಆದರೆ ಅದು ದೊಡ್ಡವರ ನಿಗಾವಣೆಗೆ ಬದಲಿಯಲ್ಲ.

ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಉಪಯೋಗ

ನಡೆಯಲಾಗದ ಮಕ್ಕಳಿಗೆ ವಿದ್ಯುತ್ ಸವಾರಿ ಕಾರು ಆಟಿಕೆಗಿಂತ ಹೆಚ್ಚಿನದಾಗಬಲ್ಲದು. ಅಮೆರಿಕದ ಡೆಲಾವೇರ್ ವಿಶ್ವವಿದ್ಯಾಲಯದಲ್ಲಿ ಕೋಲ್ ಗ್ಯಾಲೋವೇ ಅವರು ಆರಂಭಿಸಿದ 'ಗೋ ಬೇಬಿ ಗೋ' ಯೋಜನೆಯು ಮಾರುಕಟ್ಟೆಯ ಸಾಮಾನ್ಯ ಆಟಿಕೆ ಕಾರುಗಳನ್ನು ಮಾರ್ಪಡಿಸಿ, ಚಲನೆಯ ತೊಂದರೆಯಿರುವ ಪುಟ್ಟ ಮಕ್ಕಳಿಗೆ ಒದಗಿಸುತ್ತದೆ. ಕಾಲಿನ ಪೆಡಲಿನ ಬದಲು ಕೈಯಿಂದ ಒತ್ತಬಹುದಾದ ದೊಡ್ಡ ಗುಂಡಿಯನ್ನು ಜೋಡಿಸುವುದು, ಪ್ಲಾಸ್ಟಿಕ್ ಕೊಳವೆ ಮತ್ತು ಮೆತ್ತನೆಯ ಸ್ಪಂಜಿನಿಂದ ಬೆನ್ನಿಗೆ ಹಾಗೂ ಪಕ್ಕಗಳಿಗೆ ಆಸರೆ ಮಾಡುವುದು ಇಲ್ಲಿನ ಮುಖ್ಯ ಮಾರ್ಪಾಡುಗಳು. ಮಗು ತೆವಳಿ, ನಡೆದು ತನ್ನ ಸುತ್ತಲಿನ ಲೋಕವನ್ನು ತಾನೇ ಅರಸುವ ವಯಸ್ಸಿನಲ್ಲಿ ಚಲಿಸಲಾಗದೆ ಉಳಿದರೆ ಅದರ ಕಲಿಕೆ ಮತ್ತು ಒಡನಾಟಗಳೂ ಕುಂಠಿತವಾಗುತ್ತವೆ ಎಂಬುದು ಈ ಯೋಜನೆಯ ಹಿಂದಿನ ವಿಚಾರ. ಎತ್ತಿಕೊಂಡು ಹೋದಲ್ಲಿಗೆ ಮಾತ್ರ ಹೋಗುತ್ತಿದ್ದ ಮಗು, ಗುಂಡಿ ಒತ್ತಿ ತನಗೆ ಬೇಕಾದಲ್ಲಿಗೆ ಹೋಗಲು ಇದರಿಂದ ಸಾಧ್ಯವಾಗುತ್ತದೆ. ಇಂಥ ಮಾರ್ಪಾಡುಗಳನ್ನು ಮಗುವಿನ ವೈದ್ಯರು ಅಥವಾ ಭೌತಚಿಕಿತ್ಸಕರ ಸಲಹೆ ಪಡೆದೇ ಮಾಡಬೇಕು.

ನಿರ್ವಹಣೆ

ತಿಂಗಳಿಗೊಮ್ಮೆ ನಟ್ಟು-ಬೋಲ್ಟುಗಳ ಬಿಗಿತ, ಚೈನಿನ ಎಳೆತ, ತಂತಿಯ ಹೊದಿಕೆ ಮತ್ತು ಬ್ಯಾಟರಿಯ ತುದಿಗಳನ್ನು ಪರಿಶೀಲಿಸಬೇಕು. ಉಬ್ಬಿದ ಅಥವಾ ಸೋರುವ ಬ್ಯಾಟರಿಯನ್ನು ಮತ್ತೆ ಬಳಸಬಾರದು. ಮಳೆಗೆ ನೆನೆದ ಕಾರನ್ನು ಪೂರ್ತಿ ಒಣಗುವ ಮೊದಲು ಓಡಿಸಬಾರದು. ಮಗು ಬೆಳೆದು ಮೊಣಕಾಲು ಸ್ಟೀರಿಂಗಿಗೆ ತಾಗತೊಡಗಿದಾಗ ಕಾರಿನ ಅವಧಿ ಮುಗಿಯಿತೆಂದು ತಿಳಿಯಬಹುದು. ಹೆಚ್ಚಿನ ವೋಲ್ಟೇಜಿನ ಬ್ಯಾಟರಿ ಜೋಡಿಸಿ ಅದೇ ಕಾರಿನ ವೇಗವನ್ನು ಹೆಚ್ಚಿಸುವ ಪದ್ಧತಿಯು ಕೆಲವೆಡೆ ಇದ್ದರೂ, ತಂತಿ, ಗೇರು, ಸ್ಟೀರಿಂಗ್ ಹಾಗೂ ನಿಲುಗಡೆಯ ವ್ಯವಸ್ಥೆಗಳೆಲ್ಲವೂ ಮೊದಲಿನ ವೇಗಕ್ಕೆ ತಕ್ಕಂತೆ ರಚಿತವಾಗಿರುವುದರಿಂದ ಅದು ಅಪಾಯಕರ. ಅದಕ್ಕಿಂತ ಬ್ಯಾಟರಿ, ಫ್ಯೂಸ್ ಮತ್ತು ಸ್ವಿಚ್ಚುಗಳನ್ನು ಹೊಸದಾಗಿಸಿ, ಮರಳಿನ ಚೀಲದ ಪರೀಕ್ಷೆಗಳನ್ನು ಮತ್ತೊಮ್ಮೆ ನಡೆಸಿ, ಕಾರನ್ನು ಇನ್ನೊಂದು ಚಿಕ್ಕ ಮಗುವಿಗೆ ದಾಟಿಸುವುದು ಉತ್ತಮ.